ಸ್ಟಾರ್ಟ್ ಆದ ಗಾಡಿ, ಕಾಲು ತೆಗೆದರೆ ಆಫ್: ಕಾರಣವೇನು, ಪರಿಹಾರವೇನು?



ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಹಳೆಯ ಮಾರುತಿ ಓಮ್ನಿ, ಮಾರುತಿ 800 ಗಾಡಿಗಳನ್ನು ಈಗಲೂ ನೋಡುತ್ತೇವೆ. 800ರ ತಯಾರಿಕೆ 2014ರಲ್ಲಿ, ಓಮ್ನಿಯದು 2019ರಲ್ಲಿ ನಿಂತಿತು. ಆದರೂ ಈ ಗಾಡಿಗಳು ಸಂತೆಗೆ ತರಕಾರಿ ಸಾಗಿಸುತ್ತವೆ, ರೋಗಿಗಳನ್ನು ಆಸ್ಪತ್ರೆಗೆ ಮುಟ್ಟಿಸುತ್ತವೆ, ಎಷ್ಟೋ ಮನೆಗಳ ಒಲೆ ಉರಿಸುತ್ತವೆ. ಸಂಘದಲ್ಲಿ ಸಾಲ ಪಡೆದು ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡ ಕುಟುಂಬಗಳೂ ಇವೆ. ಗಾಡಿ ಒಂದು ವಾರ ಗ್ಯಾರೇಜಿನಲ್ಲಿ ನಿಂತರೆ ಬಾಡಿಗೆ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ.

ಇಂಥ ಗಾಡಿಗಳದ್ದು ಒಂದು ಸಾಮಾನ್ಯ ದೂರು: “ಸ್ಟಾರ್ಟೇನೋ ಆಯ್ತದೆ ಸಿಸ್ಟರ್, ಕಾಲು ತೆಗೆದ್ರೆ ಆಫ್ ಆಗೋಯ್ತದೆ.” ಕಾರಣ ತಿಳಿಯದೆ ಇವತ್ತು ಪ್ಲಗ್, ನಾಳೆ ಬ್ಯಾಟರಿ, ನಾಡಿದ್ದು ಕಾರ್ಬುರೇಟರ್ ಎಂದು ಬದಲಾಯಿಸುತ್ತಾ ಹೋದರೆ ಹಣ ಖಾಲಿಯಾಗುತ್ತದೆ, ದೋಷ ಹಾಗೆಯೇ ಉಳಿಯುತ್ತದೆ. ಖರ್ಚಿಲ್ಲದ ತಪಾಸಣೆ ಮೊದಲು, ಖರ್ಚಿನದು ಕೊನೆಗೆ. ಈ ಕ್ರಮವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಸ್ಲೋ ಎಂದರೇನು?

ಕಾಲು ತೆಗೆದ ಮೇಲೂ ಎಂಜಿನ್ ತನ್ನಷ್ಟಕ್ಕೆ ನಿಧಾನವಾಗಿ ತಿರುಗುತ್ತಿರುವುದನ್ನು ಗ್ಯಾರೇಜಿನವರು ಸ್ಲೋ ಅಥವಾ ಐಡ್ಲಿಂಗ್ ಎನ್ನುತ್ತಾರೆ. ಚಿಕ್ಕ ಪೆಟ್ರೋಲ್ ಗಾಡಿಗಳಲ್ಲಿ ಇದು ಸಾಮಾನ್ಯವಾಗಿ ನಿಮಿಷಕ್ಕೆ 700ರಿಂದ 1000 ಸುತ್ತು. ಆಗ ಗಾಳಿಯ ದೊಡ್ಡ ಬಾಗಿಲು ಬಹುತೇಕ ಮುಚ್ಚಿರುತ್ತದೆ. ಸಣ್ಣ ದಾರಿಯಲ್ಲಿ ಬರುವ ಸ್ವಲ್ಪ ಗಾಳಿ, ಸ್ವಲ್ಪ ಪೆಟ್ರೋಲಿನ ಮೇಲೆ ಎಂಜಿನ್ ಬದುಕಿರುತ್ತದೆ.

ನಮ್ಮ ಗ್ಯಾಸ್ ಒಲೆಯನ್ನೇ ನೋಡಿ. ಬರ್ನರ್‌ನಲ್ಲಿ ಕಸ ಕಟ್ಟಿದ್ದರೆ ದೊಡ್ಡ ಉರಿ ಹೇಗೋ ಉರಿಯುತ್ತದೆ, ಸಿಮ್‌ಗೆ ತಂದ ಕೂಡಲೇ ಆರಿಹೋಗುತ್ತದೆ. ಎಂಜಿನ್ನೂ ಹಾಗೆಯೇ. ಆದ್ದರಿಂದ ಸೆಲ್ಫ್ ಚೆನ್ನಾಗಿ ತಿರುಗಿ ಗಾಡಿ ಸ್ಟಾರ್ಟ್ ಆಗುತ್ತಿದ್ದರೆ ಮೊದಲು ಬ್ಯಾಟರಿಯ ಮೇಲೆ ಅನುಮಾನ ಬೇಡ. ಆ ಸಣ್ಣ ದಾರಿಯನ್ನು ನೋಡಬೇಕು.

ಯಾವಾಗ ಆಫ್ ಆಗುತ್ತದೆ?

ಗ್ಯಾರೇಜಿಗೆ ಹೋಗುವ ಮುಂಚೆ ಇದನ್ನು ಗಮನಿಸಿ ಬರೆದಿಟ್ಟುಕೊಳ್ಳಿ.

• ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಮಾತ್ರವೇ? ಹಳೆಯ ಗಾಡಿಯಲ್ಲಿ ಚೋಕ್, ಹೊಸದರಲ್ಲಿ ಎಂಜಿನ್ ಶಾಖ ಅಳೆಯುವ ಸೆನ್ಸರ್ ನೋಡಿಸಬೇಕು.
• ಬ್ರೇಕ್ ಒತ್ತಿದಾಗ ಆಫ್ ಆಗಿ, ಪೆಡಲ್ ಕೂಡ ಗಟ್ಟಿಯಾಗುತ್ತದೆಯೇ? ಬ್ರೇಕ್ ಬೂಸ್ಟರ್ ಅಥವಾ ಅದರ ಪೈಪಿನಲ್ಲಿ ಸೋರಿಕೆ ಇರಬಹುದು. ಇದು ಬ್ರೇಕಿನ ವಿಷಯ, ತಡಮಾಡಬೇಡಿ.
• ಹೆಡ್‌ಲೈಟ್ ಅಥವಾ ಎ.ಸಿ. ಹಾಕಿದಾಗ ಮಾತ್ರವೇ? ಸ್ಲೋ ತೀರಾ ಕಡಿಮೆಯಾಗಿ ಹೊರೆ ತಡೆಯದೆ ಇರಬಹುದು.
• ಯಾವಾಗಲೂ ಹೀಗೆಯೇ? ಕೆಳಗಿನ ಕ್ರಮದಲ್ಲಿ ನೋಡಿ.

ಒಂದೊಂದಾಗಿ ನೋಡಿ

1. ಏರ್ ಫಿಲ್ಟರ್: ನಮ್ಮ ಮಣ್ಣು ರಸ್ತೆಗಳ ಧೂಳು ಮೊದಲು ಸೇರುವುದು ಇಲ್ಲಿಗೆ. ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ಕಾಣದಿದ್ದರೆ ಬದಲಾಯಿಸಿ.

2. ಗಾಳಿಯ ಪೈಪುಗಳು: ಎಂಜಿನ್ನಿಗೆ ಹೋಗುವ ರಬ್ಬರ್ ಪೈಪುಗಳು ಸೀಳಿದ್ದರೆ, ಕಳಚಿದ್ದರೆ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ನುಗ್ಗುತ್ತದೆ. ‘ಸುಯ್’ ಎಂಬ ಸದ್ದು ಕೇಳಿಸುತ್ತದೆಯೇ ಗಮನಿಸಿ. ಕಾರಣ ಇದೇ ಆಗಿದ್ದರೆ ಒಂದು ತುಂಡು ಪೈಪಿನಿಂದ ಕೆಲಸ ಮುಗಿಯುತ್ತದೆ.

3. ಪ್ಲಗ್ ಮತ್ತು ವೈರ್: ಎಂಜಿನ್ ನಡುಗುತ್ತಾ, ತಡವರಿಸುತ್ತಾ ಆಫ್ ಆದರೆ ಪ್ಲಗ್ ಬಿಚ್ಚಿಸಿ ನೋಡಿ. ಕಪ್ಪು ಮಸಿ ಹಿಡಿದಿದ್ದರೆ ಶುಚಿ ಮಾಡಿಸಿ, ಸವೆದಿದ್ದರೆ ಬದಲಾಯಿಸಿ.

4. ಕಾರ್ಬುರೇಟರ್ ಇರುವ ಹಳೆಯ ಗಾಡಿ: ಇದರಲ್ಲಿ ಸ್ಲೋಗೆಂದೇ ಒಂದು ಸಣ್ಣ ಜೆಟ್ ಇದೆ. ಅದರ ತೂತು ಸೂಜಿಮೊನೆಗಿಂತ ದೊಡ್ಡದೇನಲ್ಲ, ಒಂದು ಚೂರು ಕಸ ಸಾಕು ಕಟ್ಟಿಕೊಳ್ಳಲು. ಬಿಚ್ಚಿ ಗಾಳಿ ಹೊಡೆಸಿ ಶುಚಿ ಮಾಡಿಸಬೇಕು. ತಂತಿ ಹಾಕಿ ಕೆದಕಿದರೆ ತೂತು ದೊಡ್ಡದಾಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಕೆಲವು ಕಾರ್ಬುರೇಟರ್‌ಗಳಲ್ಲಿ ಕರೆಂಟಿನಿಂದ ನಡೆಯುವ ಚಿಕ್ಕ ವಾಲ್ವ್ ಇರುತ್ತದೆ. ಅದರ ವೈರ್ ಕಳಚಿದರೂ ಸ್ಲೋ ನಿಲ್ಲುವುದಿಲ್ಲ.

5. ಎಂ.ಪಿ.ಎಫ್.ಐ. ಗಾಡಿ: ಇದರಲ್ಲಿ ಕಂಪ್ಯೂಟರ್ ಸ್ಲೋವನ್ನು ನೋಡಿಕೊಳ್ಳುತ್ತದೆ. ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದರೆ ಅಥವಾ ಗಾಳಿ ಬಿಡುವ ಐಡಲ್ ವಾಲ್ವ್ ಸಿಕ್ಕಿಕೊಂಡರೆ ಇದೇ ತೊಂದರೆ. ಹೆಚ್ಚಿನ ಸಲ ಶುಚಿ ಮಾಡಿದರೆ ಸಾಕಾಗುತ್ತದೆ. ಎಂಜಿನ್ ದೀಪ ಉರಿಯುತ್ತಿದ್ದರೆ ಸ್ಕ್ಯಾನರ್ ಹಾಕಿಸಿ ನೋಡಿದ ಮೇಲೆಯೇ ಸೆನ್ಸರ್ ಬದಲಾವಣೆಗೆ ಒಪ್ಪಿ.

(ಇದೆಲ್ಲ ಪೆಟ್ರೋಲ್ ಗಾಡಿಗೆ. ಡೀಸೆಲ್ ಗಾಡಿಯಲ್ಲಿ ಫಿಲ್ಟರಿನ ನೀರು, ಕಸ ಮತ್ತು ಪೈಪಿನಲ್ಲಿ ಹಿಡಿದ ಗಾಳಿಯನ್ನು ಮೊದಲು ನೋಡಿಸಿ.)

ಈಗಿನ ಪೆಟ್ರೋಲ್

ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. 2025ರ ಹೊತ್ತಿಗೆ ಅದೇ ಎಲ್ಲೆಡೆ ಸಾಮಾನ್ಯವಾಯಿತು. ಎಥನಾಲ್ ಕಬ್ಬಿನಿಂದಲೂ ಬರುವುದರಿಂದ ನಮ್ಮ ಜಿಲ್ಲೆಯ ರೈತರಿಗೆ ಅದು ಹೊಸ ಮಾತಲ್ಲ. ಆದರೆ ಅದು ತೇವ ಹೀರುತ್ತದೆ, ಹಳೆಯ ರಬ್ಬರ್ ಭಾಗಗಳು ಅದರಿಂದ ಬೇಗ ಕೆಡಬಹುದು. ಅದಕ್ಕೆ ಬೇಕಾದಂತೆ ಪೆಟ್ರೋಲ್ ಹೊಂದಿಸಿಕೊಳ್ಳುವ ಶಕ್ತಿ ಕಾರ್ಬುರೇಟರಿಗೆ ಇಲ್ಲ. ಹಳೆಯ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಪೆಟ್ರೋಲ್ ಪೈಪು, ಫಿಲ್ಟರುಗಳನ್ನು ಸರ್ವಿಸ್ ಮಾಡಿಸುವಾಗಲೆಲ್ಲ ನೋಡಿಸಿ.

ಇವನ್ನು ಮಾಡಬೇಡಿ

• ಸ್ಲೋ ಸ್ಕ್ರೂ ತಿರುಗಿಸಿ ರೇಸ್ ಏರಿಸಿ ‘ಸರಿಯಾಯ್ತು’ ಎನ್ನಬೇಡಿ. ದೋಷ ಒಳಗೇ ಇರುತ್ತದೆ, ಪೆಟ್ರೋಲ್ ದಂಡವಾಗುತ್ತದೆ.
• ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿ ಪರೀಕ್ಷಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ.
• ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಒಳಗೆ ಪೆಟ್ರೋಲ್ ವಾಸನೆ ಬಂದರೆ ಗಾಡಿ ಓಡಿಸಬೇಡಿ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡವೇ ಬೇಡ. ಓಡುತ್ತಿರುವ ಎಂಜಿನ್ ಬಳಿ ಸೆರಗು, ವೇಲ್, ಟವೆಲ್ ಜೋಪಾನ.
• ಈ ತೊಂದರೆ ಇರುವ ಗಾಡಿಯಲ್ಲಿ ಶಾಲೆ ಮಕ್ಕಳನ್ನು ಕೂರಿಸಬೇಡಿ. ಭಾರತೀನಗರದ ರಸ್ತೆಯಲ್ಲಿ ಕಬ್ಬಿನ ಗಾಡಿಗಳ ಹಿಂದೆ ತೆವಳುವಾಗ, ರೈಲ್ವೆ ಗೇಟ್ ದಾಟುವಾಗ ಎಂಜಿನ್ ಆಫ್ ಆದರೆ ಅಪಾಯ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ನಿಂತುಹೋದರೆ ಗಾಡಿಯನ್ನು ಎಡ ಅಂಚಿಗೆ ತಂದು, ನಾಲ್ಕೂ ಇಂಡಿಕೇಟರ್ ಹಾಕಿ, ಎಲ್ಲರನ್ನೂ ಇಳಿಸಿ ತಡೆಗೋಡೆಯ ಆಚೆ ನಿಲ್ಲಿಸಿ, 1033ಕ್ಕೆ ಫೋನ್ ಮಾಡಿ.

ಗ್ಯಾರೇಜಿನಲ್ಲಿ ಕೇಳಿ

ಕೇಳುವುದು ತಪ್ಪಲ್ಲ, ಗಾಡಿ ನಿಮ್ಮದು, ಸಾಲವೂ ನಿಮ್ಮದು. “ಅಣ್ಣಾ, ಏನು ಪರೀಕ್ಷೆ ಮಾಡಿದ್ರಿ? ಏನು ಕಾಣಿಸ್ತು? ಶುಚಿ ಮಾಡಿದ್ರೆ ಸಾಕಾ, ಬದಲಾಯಿಸಲೇಬೇಕಾ?” ಎಂದು ವಿನಯದಿಂದ ಕೇಳಿ. ತೆಗೆದ ಹಳೆಯ ಸಾಮಾನು ಮತ್ತು ಬಿಲ್ ಕೇಳಿ ಪಡೆಯಿರಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಹಳೆಯ ಗಾಡಿ ಕೊಳ್ಳಲು ಹೊರಟವರಿಗೂ ಒಂದು ಮಾತು. ಎಂಜಿನ್ ಪೂರ್ತಿ ತಣ್ಣಗಿರುವಾಗ ನಿಮ್ಮ ಎದುರೇ ಸ್ಟಾರ್ಟ್ ಮಾಡಿಸಿ, ಕಾಲು ತೆಗೆಸಿ, ಹತ್ತು ನಿಮಿಷ ಹಾಗೆಯೇ ಬಿಡಿಸಿ. ನಡುವೆ ಹೆಡ್‌ಲೈಟ್ ಹಾಕಿಸಿ, ಬ್ರೇಕ್ ಒತ್ತಿಸಿ ನೋಡಿ. ಅಷ್ಟು ಹೊತ್ತು ಆಫ್ ಆಗದೆ ನಿಂತರೆ ಮಾತ್ರ ಮುಂದಿನ ಮಾತುಕತೆಗೆ ಕೂರಿ. ಸಂಘದಿಂದ ಸಾಲ ಕೇಳುವ ಮುಂಚೆಯೇ ಈ ಪರೀಕ್ಷೆ ಮುಗಿದಿರಲಿ. ಈ ಹಾಳೆಯನ್ನು ಗಾಡಿಯ ಕಾಗದಪತ್ರಗಳ ಜೊತೆಯಲ್ಲೇ ಇಟ್ಟುಕೊಳ್ಳಿ.