ಎಡೆದೊರೆ ನಾಡಿನ ಮಣ್ಣಿನ ಮಾಳಿಗೆಯ ಮನೆ: ರಚನೆ ಮತ್ತು ಜೀರ್ಣೋದ್ಧಾರ

ಕೃಷ್ಣಾ–ತುಂಗಭದ್ರೆಯರ ನಡುವಣ ಭೂಭಾಗವನ್ನು ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ರಾಯಚೂರು, ದೇವದುರ್ಗ, ಮಾನ್ವಿ ಈ ನಾಡಿಗೆ ಸೇರಿದವು. ಇಲ್ಲಿಯ ಕೋಟೆ, ದೇಗುಲ, ಶಾಸನಗಳ ಬಗೆಗೆ ಸಾಕಷ್ಟು ಅಧ್ಯಯನ ನಡೆದಿದೆ. ರೈತನ ಮನೆಗೆ ಆ ಭಾಗ್ಯ ದೊರೆತುದು ವಿರಳ.

ಈ ಮನೆ ಕಲ್ಲು–ಕೆಸರಿನ ದಪ್ಪ ಗೋಡೆಯದು. ತಲೆಬಾಗಿಲು ದಾಟಿದೊಡನೆ ದನಗಳ ಗೋದಲಿ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಅದರಾಚೆ ಅಡುಗೆಮನೆ. ಎರಡು ತೊಲೆಗಳ ನಡುವಿನ ಜಾಗವೇ ಅಂಕಣ. ಮನೆಯ ಅಳತೆಯನ್ನು ಅಂಕಣಗಳಲ್ಲಿ ಹೇಳುವುದು, ಅಣ್ಣತಮ್ಮಂದಿರು ಬೇರೆಯಾಗುವಾಗ ಅಂಕಣಗಳನ್ನೇ ಹಂಚಿಕೊಳ್ಳುವುದು ರೂಢಿ. ಆದ್ದರಿಂದ ಪಡಸಾಲೆಯ ನಡುವೆ ಎದ್ದ ಅಡ್ಡಗೋಡೆಯೂ ಮನೆತನದ ಚರಿತ್ರೆಗೆ ಒಂದು ದಾಖಲೆ. ಮೂಲರೂಪದ ಹೆಸರಿನಲ್ಲಿ ಅದನ್ನು ಕೆಡವುವುದು ಉಚಿತವೆನಿಸದು.

ಈ ಮನೆಯ ನಿಜವಾದ ಜಾಣ್ಮೆ ಮಾಳಿಗೆಯಲ್ಲಿದೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸೀಳುಕಟ್ಟಿಗೆ ಮತ್ತು ಸೊಪ್ಪು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಪದರ. ಬೆಳೆಗೆ ಬಾರದ ಸವಳು ಮಣ್ಣು ಮಾಳಿಗೆಗೆ ಏಕೆ ಬೇಕಾಯಿತು? ಅದರಲ್ಲಿರುವ ಸೋಡಿಯಂನಿಂದಾಗಿ ಜೇಡಿಯ ಕಣಗಳು ನೀರು ತಾಗಿದೊಡನೆ ಬಿಡಿಬಿಡಿಯಾಗಿ ಉಬ್ಬಿ ರಂಧ್ರಗಳನ್ನು ಮುಚ್ಚುತ್ತವೆ. ಹೊಲದಲ್ಲಿ ನೀರಿಂಗಲು ಬಿಡದ ಈ ದೋಷವೇ ಮಾಳಿಗೆಯಲ್ಲಿ ಗುಣವಾಗುತ್ತದೆ. ನೀರು ಹರನಾಳಿಗೆಯಿಂದ ಹೊರಬೀಳುತ್ತದೆ. ಮಳೆಗಾಲಕ್ಕೆ ಮುನ್ನ ಹೊಸ ಮಣ್ಣು ಹಾಕಲೇಬೇಕು. ಆದರೆ ಹಳೆಯದನ್ನು ಕೆರೆದು ತೆಗೆಯದಿದ್ದರೆ ಭಾರ ಹೆಚ್ಚಿ ತೊಲೆ ಬಾಗುತ್ತದೆ. ಜೀರ್ಣೋದ್ಧಾರದ ಮೊದಲ ಕೆಲಸ ಈ ಭಾರವನ್ನು ಇಳಿಸುವುದು.

1950ರ ದಶಕದಿಂದೀಚೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿಯ ಕಡೆ ಜೋಳದ ಹೊಲಗಳನ್ನು ಭತ್ತದ ಗದ್ದೆಗಳನ್ನಾಗಿಸಿತು. ಜೋಳವನ್ನು ಕಾಪಿಡುತ್ತಿದ್ದ ಹಗೇವಿಗೆ ಒಣನೆಲವೇ ಆಧಾರ. ನೆಲ ತೇವಗೊಂಡಲ್ಲಿ ಅದು ನಿರುಪಯುಕ್ತ. ಟ್ರ್ಯಾಕ್ಟರು ಬಂದಮೇಲೆ ಗೋದಲಿಯೂ ಬರಿದಾಯಿತು. ಮನೆಯ ಕೆಲಸ ತಗ್ಗಿದಂತೆ ಆರೈಕೆಯೂ ತಗ್ಗಿತು. 2009ರ ಸೆಪ್ಟೆಂಬರ್ ಕೊನೆ–ಅಕ್ಟೋಬರ್ ಆರಂಭದ ಅತಿವೃಷ್ಟಿಯಲ್ಲಿ ಉತ್ತರ ಕರ್ನಾಟಕದ ಅಸಂಖ್ಯ ಮಣ್ಣಿನ ಮನೆಗಳು ಕುಸಿದವು. ಮಳೆ ಅಸಾಧಾರಣವಾಗಿದ್ದುದು ನಿಜ. ಆದರೂ ದೋಷವನ್ನೆಲ್ಲ ಮಣ್ಣಿನ ಮೇಲೆಯೇ ಹೊರಿಸುವುದು ಸಾಧುವಲ್ಲ.

ಉಳಿದ ಮನೆಗಳಿಗೆ ಇಂದು ದೊಡ್ಡ ಅಪಾಯ ಸಿಮೆಂಟಿನ ದುರಸ್ತಿ. ಕೆಸರುಗೋಡೆ ನೆಲದ ತೇವವನ್ನು ಹೀರಿ ಹೊರಗೆ ಬಿಡುತ್ತಿರುತ್ತದೆ. ಸಿಮೆಂಟಿನ ಗಿಲಾವು ಆ ದಾರಿಯನ್ನು ಕಟ್ಟುತ್ತದೆ. ಗೋಡೆ ಒಳಗಿಂದ ಸಡಿಲಗೊಂಡು, ಗಿಲಾವು ಹಲಗೆಹಲಗೆಯಾಗಿ ಕಳಚುತ್ತದೆ. ಸುಣ್ಣದ ಅಥವಾ ಮಣ್ಣಿನ ಗಿಲಾವೇ ಇಲ್ಲಿ ಯೋಗ್ಯ. ಹಗೇವನ್ನು ತುಂಬಿ ಮುಚ್ಚುವುದು ಅನಿವಾರ್ಯವಾದರೂ ಅದರ ಬಾಯಿಯ ಕಲ್ಲನ್ನು ಇದ್ದಲ್ಲಿಯೇ ಬಿಡಬೇಕು.