ನೂರು ರೂಪಾಯಿ ಅದಿರಿಗೆ ನೂರಾ ಹತ್ತು ರೂಪಾಯಿ: ಗಣಿ ಒಪ್ಪಂದದ ಲೆಕ್ಕ

ನಮ್ಮ ಹಾಸ್ಟೆಲ್ ಮೆಸ್ ಟೆಂಡರಿಗೆ ಒಬ್ಬ ಕಂಟ್ರಾಕ್ಟರ್ ಬಂದು, "ನೂರು ರೂಪಾಯಿ ಊಟ ಮಾರಿದ್ರೆ ಕಾಲೇಜಿಗೆ ನೂರಾ ಹತ್ತು ರೂಪಾಯಿ ಕಟ್ತೀನಿ. ಅಕ್ಕಿ, ಗ್ಯಾಸು, ಅಡುಗೆಯವರ ಸಂಬಳ ಎಲ್ಲ ನಂದೇ" ಅಂದ ಅಂತ ಇಟ್ಕೊಳ್ಳಿ. ಇವನಿಗೆ ಲೆಕ್ಕ ಬರಲ್ಲ, ಇಲ್ಲಾಂದ್ರೆ ನಮಗೆ ಗೊತ್ತಿಲ್ಲದ ಯಾವುದೋ ಲೆಕ್ಕ ಇವನ ಹತ್ರ ಇದೆ ಅಂತ ಅನುಮಾನ ಬರುತ್ತೆ ಅಲ್ವಾ?

2020ರ ಆರಂಭದಲ್ಲಿ ಒಡಿಶಾದ ಕಬ್ಬಿಣದ ಅದಿರಿನ ಗಣಿಗಳ ಹರಾಜಿನಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. ಜಜಂಗ್ ಗಣಿಗೆ ಜೆಎಸ್‌ಡಬ್ಲ್ಯು ಸ್ಟೀಲ್ ಕೊಟ್ಟ ಬಿಡ್ ಶೇ. 110. ಗನುವಾ ಗಣಿಗೆ ಅದೇ ಕಂಪನಿಯ ಬಿಡ್ ಶೇ. 132. ಠಾಕುರಾಣಿ ಗಣಿಗೆ ಆರ್ಸೆಲರ್ ಮಿತ್ತಲ್ ಇಂಡಿಯಾದ ಬಿಡ್ ಶೇ. 107.55. ಅಂದರೆ ಗಣಿಯಿಂದ ಹೊರಗೆ ಹೋಗುವ ಅದಿರಿನ ಬೆಲೆ ನೂರು ರೂಪಾಯಿ ಆದರೆ, ಸರ್ಕಾರಕ್ಕೆ ನೂರಕ್ಕಿಂತ ಹೆಚ್ಚು ಕಟ್ಟುತ್ತೇವೆ ಅಂತ ಮಾತು ಕೊಟ್ಟ ಹಾಗೆ. ರಾಯಧನ ಬೇರೆ, ಅಗೆಯುವ ಖರ್ಚೂ ಬೇರೆ.

ಇವರೆಲ್ಲ ಉಕ್ಕು ಮಾಡುವುದರಲ್ಲಿ ಪಳಗಿದ ಕಂಪನಿಗಳು. ಅವರಿಗೆ ಲೆಕ್ಕ ಬರಲ್ಲ ಅನ್ನೋಕಾಗಲ್ಲ. ಹಾಗಾದ್ರೆ ಲೆಕ್ಕ ಎಲ್ಲಿದೆ? ಅದು ಗೊತ್ತಾಗಬೇಕಾದರೆ ಸರ್ಕಾರ ಮತ್ತು ಗಣಿ ಕಂಪನಿ ನಡುವಿನ ಒಪ್ಪಂದ ಹೇಗೆ ಕೆಲಸ ಮಾಡುತ್ತೆ ಅಂತ ನೋಡಬೇಕು.

ಹರಾಜು ಬಂದದ್ದು ಯಾಕೆ

ನೆಲದೊಳಗಿನ ಖನಿಜಕ್ಕೆ ಸಾಮಾನ್ಯವಾಗಿ ರಾಜ್ಯ ಸರ್ಕಾರವೇ ಒಡೆಯ. ಗುತ್ತಿಗೆಗೆ ಸಹಿ ಹಾಕುವುದೂ ರಾಜ್ಯವೇ. ಆದರೆ ಕಬ್ಬಿಣದ ಅದಿರಿನಂಥ ಪ್ರಮುಖ ಖನಿಜಗಳಿಗೆ ನಿಯಮ ಮಾಡುವುದು, ರಾಯಧನದ ದರ ಗೊತ್ತುಪಡಿಸುವುದು ಕೇಂದ್ರ. ಇದಕ್ಕೆ ಆಧಾರ 1957ರ ಗಣಿ ಮತ್ತು ಖನಿಜ ಕಾಯ್ದೆ.

2015ಕ್ಕೆ ಮುಂಚೆ ಗುತ್ತಿಗೆ ಸಿಗುತ್ತಿದ್ದದ್ದು ಅರ್ಜಿ ಹಾಕಿ. ಮೊದಲು ಬಂದವರಿಗೆ ಆದ್ಯತೆ. ರಾಯಧನವೂ ಬೆಲೆಯ ಮೇಲೆ ಇರಲಿಲ್ಲ, ಟನ್ನಿಗೆ ಇಷ್ಟು ಅಂತ ಇತ್ತು. 2009ರ ಆಗಸ್ಟ್‌ವರೆಗೆ ಅತ್ಯುತ್ತಮ ದರ್ಜೆಯ ಕಬ್ಬಿಣದ ಅದಿರಿಗೂ ಟನ್ನಿಗೆ 27 ರೂಪಾಯಿ. ಅದೇ ಹೊತ್ತಿಗೆ ಚೀನಾದ ಬೇಡಿಕೆಯಿಂದ ಒಂದು ಟನ್ನಿನ ಮಾರುಕಟ್ಟೆ ಬೆಲೆ ಸಾವಿರಾರು ರೂಪಾಯಿ ತಲುಪಿತ್ತು. ಬೆಲೆ ಏರಿದಷ್ಟೂ ಲಾಭ ಗುತ್ತಿಗೆದಾರರಿಗೆ, ಸರ್ಕಾರಕ್ಕೆ ಅದೇ 27.

ಬಳ್ಳಾರಿಯಲ್ಲಿ ಮುಂದೆ ಏನಾಯ್ತು ಅನ್ನೋದು ನಮಗೆಲ್ಲ ಗೊತ್ತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ವರದಿ ಕೊಟ್ಟರು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿನದ್ದೂ ನಿಂತಿತು. ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. 2013ರ ತೀರ್ಪಿನಲ್ಲಿ ಹೆಚ್ಚು ಉಲ್ಲಂಘನೆ ಮಾಡಿದ ಸಿ ವರ್ಗದ ಗುತ್ತಿಗೆಗಳು ರದ್ದಾದವು. 2015ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ಹರಾಜು ಕಡ್ಡಾಯ ಆಯ್ತು. ಕರ್ನಾಟಕದಲ್ಲಿ 2016ರಲ್ಲಿ ಹರಾಜಾದ ಮೊದಲ ಗಣಿಗಳು ಈ ಸಿ ವರ್ಗದವೇ.

ಒಪ್ಪಂದದ ಮೆಟ್ಟಿಲುಗಳು

ಹರಾಜಿನಲ್ಲಿ ಕೂಗುವುದು ಇಷ್ಟು ಕೋಟಿ ಅಂತ ಅಲ್ಲ, ಇಷ್ಟು ಪರ್ಸೆಂಟ್ ಅಂತ. ಗೆದ್ದ ತಕ್ಷಣ ಗಣಿ ಕೈಗೆ ಬರುವುದಿಲ್ಲ. ಮೊದಲು ಅಂದಾಜು ಖನಿಜ ಸಂಪತ್ತಿನ ಒಟ್ಟು ಮೌಲ್ಯದ ಶೇ. 0.5ರಷ್ಟನ್ನು ಮುಂಗಡ ಅಂತ ಲೆಕ್ಕ ಹಾಕುತ್ತಾರೆ. ಇದನ್ನು ಕಂತುಗಳಲ್ಲಿ ಕಟ್ಟಬೇಕು. ಇನ್ನೊಂದು ಶೇ. 0.5ರಷ್ಟು ಮೊತ್ತವನ್ನು ಭದ್ರತೆಯಾಗಿ ಇಡಬೇಕು, ಸಾಮಾನ್ಯವಾಗಿ ಬ್ಯಾಂಕ್ ಗ್ಯಾರಂಟಿ ರೂಪದಲ್ಲಿ.

ಇದಾದ ಮೇಲೆ ಬರುವ ದಾಖಲೆಯೇ ಗಣಿ ಅಭಿವೃದ್ಧಿ ಮತ್ತು ಉತ್ಪಾದನಾ ಒಪ್ಪಂದ. ಆಫೀಸ್ ಭಾಷೆಯಲ್ಲಿ ಎಂಡಿಪಿಎ. ಎಷ್ಟು ಉತ್ಪಾದನೆ ಮಾಡಬೇಕು, ಮಾಡದಿದ್ದರೆ ಏನು ದಂಡ, ಭದ್ರತೆ ಯಾವಾಗ ಜಪ್ತಿ ಅನ್ನೋದೆಲ್ಲ ಇಲ್ಲಿರುತ್ತೆ. ಗುತ್ತಿಗೆ ಪತ್ರ ಆಗುವುದು ಇದರ ನಂತರ, 50 ವರ್ಷಕ್ಕೆ.

ಈಗ ಒಂದು ಗಣಿ ಊಹಿಸಿಕೊಳ್ಳೋಣ. ಅಂಕಿಗಳು ಲೆಕ್ಕದ ಸುಲಭಕ್ಕೆ ನಾನು ಹಾಕಿದ್ದು. ಸಂಪತ್ತು 10 ಕೋಟಿ ಟನ್, ಟನ್ನಿನ ಬೆಲೆ 2,000 ರೂ., ಬಿಡ್ ಶೇ. 110.

ಒಂದು ಟನ್ ಹೊರಗೆ ಹೋದಾಗ:
– ಹರಾಜಿನ ಪ್ರೀಮಿಯಂ: 2,200 ರೂ.
– ರಾಯಧನ, ಶೇ. 15: 300 ರೂ.
– ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ರಾಯಧನದ ಶೇ. 10: 30 ರೂ.

ಒಟ್ಟು 2,530 ರೂ. ಸಣ್ಣಪುಟ್ಟ ಪಾವತಿಗಳನ್ನು ಬಿಟ್ಟಿದ್ದೇನೆ. ಅಗೆದು ಪುಡಿ ಮಾಡುವ ಖರ್ಚು 400 ರೂ. ಅಂದುಕೊಂಡರೆ, 2,000 ರೂಪಾಯಿ ಬೆಲೆಯ ಅದಿರಿಗೆ ಕಂಪನಿಗೆ ಬಿದ್ದದ್ದು 2,930 ರೂ.

ಯಾವ ಬೆಲೆಯ ಶೇ. 110?

ಇಲ್ಲಿ ನೂರು ಅಂದರೆ ಕಂಪನಿಗೆ ಸಿಗುವ ಬೆಲೆ ಅಲ್ಲ. ಅದು ಭಾರತೀಯ ಗಣಿ ಬ್ಯೂರೋ, ಅಂದರೆ ಐಬಿಎಂ, ಪ್ರತಿ ತಿಂಗಳು ರಾಜ್ಯವಾರು, ದರ್ಜೆವಾರು ಪ್ರಕಟಿಸುವ ಸರಾಸರಿ ಮಾರಾಟ ಬೆಲೆ. ಗಣಿ ಬಾಗಿಲಲ್ಲಿನ ಬೆಲೆ ಅದು, ಸಾಗಣೆ ಖರ್ಚು ಸೇರಿಲ್ಲ. ಸ್ವಂತ ಗಣಿ ಇಲ್ಲದ ಉಕ್ಕಿನ ಕಾರ್ಖಾನೆ ಅದಿರನ್ನು ಬೇರೆಯವರಿಂದ ಕೊಂಡು, ರೈಲಲ್ಲೋ ಲಾರಿಯಲ್ಲೋ ತರಬೇಕು. ಹತ್ತಿರದಲ್ಲಿ ಸಿಗದಿದ್ದರೆ ದೂರದಿಂದ ತರಬೇಕು. ಅವರಿಗೆ ಬೀಳುವ ಬೆಲೆ ಐಬಿಎಂ ಸರಾಸರಿಗಿಂತ ತುಂಬಾ ಹೆಚ್ಚಿರಬಹುದು.

ಎರಡನೆಯದು, ಅದಿರು ಬರದಿದ್ದರೆ ಆಗುವ ನಷ್ಟ. ಬ್ಲಾಸ್ಟ್ ಫರ್ನೇಸನ್ನು ಫ್ಯಾನ್ ಥರ ಆನ್ ಆಫ್ ಮಾಡೋಕಾಗಲ್ಲ. ಒಂದು ಟನ್ ಉಕ್ಕಿಗೆ ಸುಮಾರು 1.6 ಟನ್ ಅದಿರು ಬೇಕು. ಅದಿರಿಗೆ ಟನ್ನಿಗೆ ಐನೂರು ರೂಪಾಯಿ ಹೆಚ್ಚು ಕೊಟ್ಟರೆ ಉಕ್ಕಿನ ಟನ್ನಿಗೆ 800 ರೂ. ಹೆಚ್ಚಾಗುತ್ತೆ. ಉಕ್ಕಿನ ಟನ್ ಹತ್ತಾರು ಸಾವಿರ ರೂಪಾಯಿಗೆ ಮಾರಾಟ ಆಗುವಾಗ ಅದನ್ನು ತಡೆದುಕೊಳ್ಳಬಹುದು. ಫರ್ನೇಸ್ ನಿಂತರೆ ತಡೆದುಕೊಳ್ಳೋದು ಕಷ್ಟ. ಅದಿರು ಮಾರುವ ಹಳೆಯ ಗಣಿಗಳ ಗುತ್ತಿಗೆ ಒಟ್ಟಿಗೇ 2020ರ ಮಾರ್ಚ್ 31ಕ್ಕೆ ಮುಗಿಯುತ್ತಿತ್ತು. ನಾಳೆ ಅದಿರು ಸಿಗುತ್ತೋ ಇಲ್ವೋ ಅನ್ನೋ ಭಯ ಎಲ್ಲರಿಗೂ ಇತ್ತು.

ಮೂರನೆಯದನ್ನು ನಾವು ಗಮನಿಸೋದು ಕಡಿಮೆ. ಮೇಲಿನ ಲೆಕ್ಕಕ್ಕೇ ಬನ್ನಿ. 10 ಕೋಟಿ ಟನ್, 2,000 ರೂ. ಅಂದರೆ ಒಟ್ಟು ಮೌಲ್ಯ 20,000 ಕೋಟಿ ರೂ. ಶೇ. 110 ಬಿಡ್ ಅಂದರೆ ಗಣಿ ಮುಗಿಯುವಷ್ಟರಲ್ಲಿ 22,000 ಕೋಟಿ ಕೊಡುವ ಮಾತು. ಆದರೆ ಮುಂಗಡ 100 ಕೋಟಿ, ಭದ್ರತೆ 100 ಕೋಟಿ. ಮುಂಗಡವನ್ನೂ ಆಮೇಲೆ ಪ್ರೀಮಿಯಂನಲ್ಲಿ ಮುರಿದುಕೊಳ್ಳಬಹುದು. ಉಳಿದದ್ದೆಲ್ಲ ಅದಿರು ಹೊರಗೆ ಹೋದಾಗ ಮಾತ್ರ. ಅಗೆಯದಿದ್ದರೆ ಪ್ರೀಮಿಯಂ ಇಲ್ಲ.

ಅಂದರೆ ಬಿಡ್ ಎಷ್ಟೇ ಏರಿದರೂ ಭದ್ರತೆ ಏರುವುದಿಲ್ಲ. ಶೇ. 30 ಬಿಡ್‌ಗೂ 100 ಕೋಟಿ, ಶೇ. 130 ಬಿಡ್‌ಗೂ ಅದೇ 100 ಕೋಟಿ. ಮಾತು ದೊಡ್ಡದಾದಷ್ಟೂ, ಅದನ್ನು ಮುರಿದರೆ ಕಳೆದುಕೊಳ್ಳುವ ಪಾಲು ಚಿಕ್ಕದು.

ಇದನ್ನು ತಡೆಯೋಕೆ ಅಂತಲೇ ಕನಿಷ್ಠ ಉತ್ಪಾದನೆಯ ಷರತ್ತು ಇರುವುದು. ನಡೆಯುತ್ತಿದ್ದ ಗಣಿಯನ್ನು ಅನುಮತಿಗಳ ಸಮೇತ ವಹಿಸಿಕೊಂಡವರು ಮೊದಲ ಎರಡು ವರ್ಷ, ಹಿಂದಿನ ಎರಡು ವರ್ಷದ ಸರಾಸರಿಯ ಕನಿಷ್ಠ ಶೇ. 80ರಷ್ಟು ಉತ್ಪಾದಿಸಬೇಕು. ಕಡಿಮೆಯಾದರೆ ದಂಡ. ಆದರೂ ಗಣಿ ವಾಪಸ್ ಕೊಡುವ ಬಾಗಿಲು ತೆರೆದೇ ಇರುತ್ತೆ. ಶೇ. 110ಕ್ಕೆ ಗೆದ್ದಿದ್ದ ಜಜಂಗ್ ಗಣಿಯನ್ನು ಜೆಎಸ್‌ಡಬ್ಲ್ಯು 2024ರಲ್ಲಿ ಲಾಭದಾಯಕ ಅಲ್ಲ ಅಂತ ಬಿಟ್ಟುಕೊಡಲು ನಿರ್ಧರಿಸಿತು. ಇದು ಕಾನೂನು ಬಿಟ್ಟ ದಾರಿಯಲ್ಲೇ ನಡೆದದ್ದು. ಆದರೆ ಹರಾಜಿನ ದಿನ ಪೇಪರಲ್ಲಿ ಬಂದ ಸಾವಿರಾರು ಕೋಟಿಯ ಅಂದಾಜು ಆದಾಯ ಅಂಥ ಗಣಿಯಿಂದ ಬರುವುದಿಲ್ಲ.

ಒಂದು ಸ್ಯಾಂಪಲ್ಲಿನ ಬೆಲೆ

ಇನ್ನು ನಮ್ಮಂಥವರ ಕೆಲಸಕ್ಕೆ ಬರೋಣ. ಪ್ರೀಮಿಯಂ ಆಗಲಿ ರಾಯಧನ ಆಗಲಿ, ಕೊನೆಗೆ ಮೂರು ಸಂಖ್ಯೆಗಳ ಗುಣಾಕಾರ: ಎಷ್ಟು ಟನ್, ಯಾವ ದರ್ಜೆ, ಆ ದರ್ಜೆಗೆ ಏನು ಬೆಲೆ. ಐಬಿಎಂ ಬೆಲೆ ಸ್ಮೂತ್ ಕರ್ವ್ ಅಲ್ಲ, ಸ್ಟೆಪ್ ಫಂಕ್ಷನ್. ಕಬ್ಬಿಣದ ಅಂಶ ಶೇ. 58ರಿಂದ 60 ಒಂದು ಮೆಟ್ಟಿಲು, 60ರಿಂದ 62 ಇನ್ನೊಂದು, 62ರಿಂದ 65 ಮತ್ತೊಂದು. ಶೇ. 60.1 ಇರುವ ರಾಶಿಯನ್ನು ಶೇ. 59.9 ಅಂತ ಬರೆದರೆ ಲ್ಯಾಬಿನಲ್ಲಿ ಅದು ಸಣ್ಣ ಎರರ್. ಒಪ್ಪಂದದಲ್ಲಿ ಅದು ಇಡೀ ರಾಶಿ ಒಂದು ಮೆಟ್ಟಿಲು ಕೆಳಗೆ ಇಳಿದ ಹಾಗೆ. ಬಿಡ್ ಶೇ. 110 ಇದ್ದಾಗ ಆ ಒಂದು ಮೆಟ್ಟಿಲಿನ ಪರಿಣಾಮವೂ ಅಷ್ಟೇ ದೊಡ್ಡದು.

ಹಾಗಾಗಿ ರಾಶಿಯಿಂದ ಸ್ಯಾಂಪಲ್ ತೆಗೆಯುವವರು, ತೂಕದ ಸೇತುವೆ ಕ್ಯಾಲಿಬ್ರೇಟ್ ಮಾಡುವವರು, ಡ್ರೋನ್ ಸರ್ವೆಯಲ್ಲಿ ಗುಂಡಿಯ ಘನ ಅಳತೆ ಹಾಕುವವರು, ಕೊರೆದ ಬಾವಿಗಳ ಡೇಟಾದಿಂದ ಸಂಪತ್ತು ಅಂದಾಜು ಮಾಡುವವರು, ಇವರೆಲ್ಲ ಒಪ್ಪಂದದ ಅಂಕಿ ತುಂಬುವವರೇ. ಪರ್ಸೆಂಟನ್ನು ಹರಾಜು ಗೊತ್ತು ಮಾಡುತ್ತೆ. ಆ ಪರ್ಸೆಂಟಿಗೆ ಎಷ್ಟು ಹಣ ಅನ್ನೋದನ್ನು ಅಳತೆ ಗೊತ್ತು ಮಾಡುತ್ತೆ.

ಊರಿಗೆ ಬರೋದೆಷ್ಟು

ಮೇಲಿನ ಪಟ್ಟಿಯ ಕೊನೆಯ ಸಾಲು ಇನ್ನೊಮ್ಮೆ ನೋಡಿ. ಜಿಲ್ಲಾ ಖನಿಜ ಪ್ರತಿಷ್ಠಾನ ಇರುವುದು ಗಣಿಯ ಧೂಳು ಕುಡಿಯುವ ಊರುಗಳಿಗೆ ನೀರು, ಶಾಲೆ, ಆಸ್ಪತ್ರೆ ಮಾಡೋಕೆ. ಹರಾಜಾದ ಗಣಿಗಳಲ್ಲಿ ಅದಕ್ಕೆ ಬರುವುದು ಶೇ. 10. ಆದರೆ ಯಾವುದರ ಶೇ. 10? ರಾಯಧನದ್ದು. ರಾಯಧನ ಬೆಲೆಯ ಶೇ. 15. ಅಂದರೆ ಊರಿನ ಪಾಲು ಬೆಲೆಯ ಶೇ. 1.5. ನಮ್ಮ ಉದಾಹರಣೆಯಲ್ಲಿ 2,530 ರೂಪಾಯಿಯಲ್ಲಿ 30 ರೂಪಾಯಿ. ಬಿಡ್ ಶೇ. 30 ಇದ್ದರೂ ಅದು 30 ರೂಪಾಯಿಯೇ, ಶೇ. 130 ಆದರೂ 30 ರೂಪಾಯಿಯೇ. ಪ್ರೀಮಿಯಂ ಹೋಗುವುದು ರಾಜ್ಯದ ಬೊಕ್ಕಸಕ್ಕೆ. ಹರಾಜಿಲ್ಲದೆ ಸಿಕ್ಕ ಹಳೆಯ ಗುತ್ತಿಗೆಗಳಲ್ಲಿ ಈ ಪಾಲು ರಾಯಧನದ ಶೇ. 30 ಇದೆ. ಹಾಗಾಗಿ ಹಳೆ ಗಣಿ ಹೋಗಿ ಹರಾಜಿನ ಗಣಿ ಬಂದರೆ, ಅದೇ ಬೆಲೆಯ ಒಂದೊಂದು ಟನ್ನಿಗೂ ಪ್ರತಿಷ್ಠಾನಕ್ಕೆ ಬರುವ ಹಣ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ.

ಜಗಳ ಬಂದಾಗ

ಈ ಪರ್ಸೆಂಟಿನ ಜಗಳ ನಮ್ಮ ಸಂಡೂರಿನಲ್ಲೂ ಆಗಿದೆ. ದೋಣಿಮಲೈ ಗಣಿ ಕೇಂದ್ರ ಸರ್ಕಾರದ ಎನ್‌ಎಂಡಿಸಿಯದ್ದು. 2018ರ ನವೆಂಬರ್‌ನಲ್ಲಿ ಗುತ್ತಿಗೆ ಮುಗಿದಾಗ, ಮುಂದುವರಿಸಬೇಕಾದರೆ ಸರಾಸರಿ ಬೆಲೆಯ ಶೇ. 80 ಪ್ರೀಮಿಯಂ ಕೊಡಿ ಅಂತ ರಾಜ್ಯ ಕೇಳಿತು. ಹರಾಜಿನಲ್ಲಿ ಖಾಸಗಿಯವರು ದೊಡ್ಡ ಮೊತ್ತ ಕೊಡುವಾಗ ಇವರೇಕೆ ಕೊಡಬಾರದು ಅನ್ನೋದು ರಾಜ್ಯದ ವಾದ. ಸರ್ಕಾರಿ ಕಂಪನಿಗೆ ಹರಾಜಿನ ನಿಯಮ ಅನ್ವಯಿಸಲ್ಲ ಅನ್ನೋದು ಎನ್‌ಎಂಡಿಸಿ ವಾದ. ಗಣಿ ನಿಂತುಹೋಯ್ತು. ಕೋರ್ಟು, ಪತ್ರ, ಮಾತುಕತೆ ಎಲ್ಲ ಆಗಿ ಮತ್ತೆ ಶುರುವಾದದ್ದು 2021ರ ಫೆಬ್ರವರಿಯಲ್ಲಿ, ಶೇ. 22.5ಕ್ಕೆ. ಈ 22.5 ಬಂದದ್ದೆಲ್ಲಿಂದ? ಶೇ. 15ರ ರಾಯಧನದ ಒಂದೂವರೆ ಪಟ್ಟು. ಎರಡು ವರ್ಷಕ್ಕೂ ಹೆಚ್ಚು ಕಾಲ ಗಣಿಯಿಂದ ರಾಜ್ಯಕ್ಕೆ ಪ್ರೀಮಿಯಂ ಇಲ್ಲ, ಪ್ರತಿಷ್ಠಾನಕ್ಕೆ ಪಾಲೂ ಇಲ್ಲ.

ಬೆಲೆಯ ಮೇಲೆ ಪಾಲು ಕೇಳುವ ಬದಲು ಲಾಭದಲ್ಲೇ ಪಾಲು ಕೇಳಿದರೆ ಒಳ್ಳೇದಲ್ವಾ ಅಂತ ನಿಮಗೆ ಅನ್ನಿಸಬಹುದು. ಮಂಗೋಲಿಯಾ ಹಾಗೆ ಮಾಡಿತು. ಗೋಬಿ ಮರುಭೂಮಿಯ ಒಯು ತೊಲ್ಗೊಯ್ ತಾಮ್ರದ ಗಣಿಗೆ 2009ರಲ್ಲಿ ಒಪ್ಪಂದವಾದಾಗ ಅಲ್ಲಿನ ಸರ್ಕಾರ ಶೇ. 34 ಷೇರು ಪಡೆಯಿತು. ಆದರೆ ತನ್ನ ಪಾಲಿನ ಬಂಡವಾಳಕ್ಕೆ ದುಡ್ಡಿರಲಿಲ್ಲ, ಅದನ್ನು ಪಾಲುದಾರರೇ ಬಡ್ಡಿಗೆ ಕೊಟ್ಟರು. ನೆಲದಡಿಯ ಗಣಿಯ ಖರ್ಚು ಅಂದಾಜು ಮೀರಿ ಬೆಳೆಯಿತು, ಸಾಲವೂ ಬೆಳೆಯಿತು, ಲಾಭಾಂಶ ದೂರವೇ ಉಳಿಯಿತು. ಕೊನೆಗೆ 2022ರ ಜನವರಿಯಲ್ಲಿ ರಿಯೊ ಟಿಂಟೊ ಬಣ ಸುಮಾರು 240 ಕೋಟಿ ಡಾಲರ್ ಸಾಲ ಮನ್ನಾ ಮಾಡಿದ ಮೇಲೆ ಕೆಲಸ ಮುಂದುವರಿಯಿತು. ಶೇ. 34 ಕೇಳೋಕೆ ದೊಡ್ಡದು. ಆದರೆ ಖರ್ಚು, ಬಡ್ಡಿ ಎಲ್ಲ ಕಳೆದು ಉಳಿದದ್ದರ ಶೇ. 34 ಅದು.

ಹಾಗಾಗಿ ಮುಂದಿನ ಸಲ ಗಣಿ ಹರಾಜಿನ ಸುದ್ದಿ ಬಂದಾಗ ದೊಡ್ಡ ಅಂಕಿಯನ್ನು ನೋಡಿ ಸುಮ್ಮನಾಗಬೇಡಿ. ಮೂರು ಪ್ರಶ್ನೆ ಕೇಳಿ. ಈ ಪರ್ಸೆಂಟ್ ಯಾವುದರ ಮೇಲೆ? ಅದನ್ನು ಅಳೆಯುವವರು ಯಾರು? ಮಾತಿಗೆ ತಪ್ಪಿದರೆ ಕಳೆದುಕೊಳ್ಳೋದೆಷ್ಟು? ಮೂರಕ್ಕೂ ಉತ್ತರ ಒಪ್ಪಂದದ ಪುಟಗಳಲ್ಲೇ ಇರುತ್ತೆ. ಲೆಕ್ಕ ಮಾಡೋಕೆ ಬೇಕಾದ ಗಣಿತ ನಾವು ಪಿಯುಸಿಗಿಂತ ಮುಂಚೆಯೇ ಕಲಿತದ್ದು.