ಮ್ಯಾಗ್ನೆಟ್ ಅಂಟಿದರೆ ಸ್ಟೀಲ್ ಪಾತ್ರೆ ನಕಲಿಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

"ಪಾತ್ರೆಗೆ ಮ್ಯಾಗ್ನೆಟ್ ಹಿಡಿಯಿರಿ, ಅಂಟಿದರೆ ಅದು ಕಲಬೆರಕೆ ಸ್ಟೀಲ್, ಕೂಡಲೇ ಬಿಸಾಡಿ" ಎಂಬರ್ಥದ ಸಂದೇಶಗಳು ವಾಟ್ಸ್ಆ್ಯಪ್‌ನಲ್ಲಿ ಆಗಾಗ ಬರುತ್ತಿರುತ್ತವೆ. ರುದ್ರಪಟ್ಟಣವಿರಲಿ, ಹಾಸನವಿರಲಿ, ಮದುವೆಗೋ ಗೃಹಪ್ರವೇಶಕ್ಕೋ ಹೆಸರು ಕೆತ್ತಿಸಿ ಕೊಟ್ಟ ಸ್ಟೀಲ್ ಪಾತ್ರೆ ಇಲ್ಲದ ಮನೆ ಅಪರೂಪ. ಸಂದೇಶ ನಂಬಿ ಒಳ್ಳೆಯ ಪಾತ್ರೆಯನ್ನು ಗುಜರಿಗೆ ಹಾಕಿದರೆ ನಷ್ಟ ನಮಗೇ. ಹಾಗಾಗಿ ಈ ಮಾತನ್ನು ಪರಿಶೀಲಿಸೋಣ.

ಸ್ಟೇನ್‌ಲೆಸ್ ಸ್ಟೀಲ್ ಎಂದರೇನು?

ಉಕ್ಕಿಗೆ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಸೇರಿಸಿದರೆ ಅದು ಸ್ಟೇನ್‌ಲೆಸ್ ಸ್ಟೀಲ್. ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಕಣ್ಣಿಗೆ ಕಾಣದಷ್ಟು ತೆಳುವಾದ ರಕ್ಷಣಾ ಪದರ ಕಟ್ಟುತ್ತದೆ. ಗೀರು ಬಿದ್ದರೂ ಅದು ತಾನಾಗಿಯೇ ಮತ್ತೆ ಕಟ್ಟಿಕೊಳ್ಳುತ್ತದೆ. ಕ್ರೋಮಿಯಂ ಸಿಗುವುದು ಕ್ರೋಮೈಟ್ ಎಂಬ ಅದಿರಿನಿಂದ. ಹಾಸನ ಜಿಲ್ಲೆಯವರಿಗೆ ಇದು ಹೊಸದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರ ಕ್ರೋಮೈಟ್ ಗಣಿಗೆ ಹೆಸರಾದ ಊರು.

ತಪ್ಪು ಕಲ್ಪನೆ 1: ಮ್ಯಾಗ್ನೆಟ್ ಅಂಟಿದರೆ ನಕಲಿ

ವಾಸ್ತವ: ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಹಲವು ಬಗೆಗಳಿವೆ. ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್ ಇರುವ 304 ದರ್ಜೆಗೆ ಸಾಮಾನ್ಯವಾಗಿ ಮ್ಯಾಗ್ನೆಟ್ ಅಂಟುವುದಿಲ್ಲ. ನಿಕ್ಕಲ್ ಬಳಸದ 430 ದರ್ಜೆಗೆ ಗಟ್ಟಿಯಾಗಿ ಅಂಟುತ್ತದೆ. ಅದೂ ಅಸಲಿ ಸ್ಟೇನ್‌ಲೆಸ್ ಸ್ಟೀಲೇ. ಇಂಡಕ್ಷನ್ ಒಲೆಯ ಮೇಲಿಡುವ ಪಾತ್ರೆಯ ತಳಕ್ಕಂತೂ ಮ್ಯಾಗ್ನೆಟ್ ಅಂಟಲೇಬೇಕು, ಇಲ್ಲದಿದ್ದರೆ ಅದು ಕಾಯುವುದೇ ಇಲ್ಲ. 304ರ ಪಾತ್ರೆಯಲ್ಲೂ ಒತ್ತಿ, ಮಡಿಸಿದ ಅಂಚಿಗೆ ಸ್ವಲ್ಪ ಅಂಟಬಹುದು.

ಇನ್ನೊಂದು ಮುಖವೂ ಇದೆ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚಿಸಿದ, ಬೆಲೆ ಕಡಿಮೆಯ 200 ಸರಣಿಯ ಸ್ಟೀಲ್‌ಗೂ ಮ್ಯಾಗ್ನೆಟ್ ಅಂಟುವುದಿಲ್ಲ. ಅಂದರೆ "ಅಂಟಲಿಲ್ಲ, ಇದು 304" ಎಂದು ಅಂಗಡಿಯಲ್ಲಿ ಮ್ಯಾಗ್ನೆಟ್ ತೋರಿಸಿದರೆ ಅಷ್ಟಕ್ಕೇ ಹೆಚ್ಚು ದುಡ್ಡು ಕೊಡಬೇಡಿ.

ತಪ್ಪು ಕಲ್ಪನೆ 2: ಅಸಲಿ ಸ್ಟೀಲ್‌ಗೆ ತುಕ್ಕು ಹಿಡಿಯುವುದೇ ಇಲ್ಲ

ವಾಸ್ತವ: ಹಿಡಿಯಬಹುದು. ಉಪ್ಪಿನಲ್ಲಿರುವ ಕ್ಲೋರೈಡ್ ರಕ್ಷಣಾ ಪದರವನ್ನು ಅಲ್ಲಲ್ಲಿ ತೂತು ಮಾಡುತ್ತದೆ. ತಣ್ಣೀರಿಗೆ ಹಾಕಿದ ಕಲ್ಲುಪ್ಪು ಕರಗದೆ ತಳದಲ್ಲಿ ಕೂತರೆ ಸಣ್ಣ ಚುಕ್ಕೆ ಬೀಳುತ್ತವೆ. ನೀರು ಕುದಿ ಬಂದ ಮೇಲೆ ಉಪ್ಪು ಹಾಕಿ ಕದಡಿ. ಇನ್ನು ಬೋರ್‌ವೆಲ್ ನೀರಿನಿಂದ ಬರುವ ಬಿಳಿ ಕಲೆ ತುಕ್ಕಲ್ಲ, ಗಡಸು ನೀರಿನ ಸುಣ್ಣದ ಅಂಶ. ನಿಂಬೆಹಣ್ಣು, ಹುಣಸೆಹಣ್ಣಿನಿಂದ ಉಜ್ಜಿದರೆ ಹೋಗುತ್ತದೆ.

ತಪ್ಪು ಕಲ್ಪನೆ 3: ಸ್ಟೀಲ್ ಪಾತ್ರೆಯಲ್ಲಿ ಹುಳಿ ಪದಾರ್ಥ ವಿಷವಾಗುತ್ತದೆ

ವಾಸ್ತವ: ಹುಳಿಯನ್ನು ಬಹಳ ಹೊತ್ತು ಕುದಿಸಿದಾಗ ನಿಕ್ಕಲ್, ಕ್ರೋಮಿಯಂ ಅತ್ಯಲ್ಪ ಪ್ರಮಾಣದಲ್ಲಿ ಬಿಡಬಹುದು. ಹೊಸ ಪಾತ್ರೆಯಲ್ಲಿ ಇದು ಹೆಚ್ಚು, ಬಳಸಿದಂತೆ ಕಡಿಮೆಯಾಗುತ್ತದೆ. ದಿನನಿತ್ಯದ ಸಾರು, ಹುಳಿಗೆ ಭಯಬೇಡ. ನಿಕ್ಕಲ್ ಅಲರ್ಜಿ ಇರುವವರು ವೈದ್ಯರನ್ನು ಕೇಳಿ. ಉಪ್ಪು, ಹುಳಿ ಎರಡೂ ಇರುವ ಉಪ್ಪಿನಕಾಯಿಗೆ ಮಾತ್ರ ಪಿಂಗಾಣಿ ಜಾಡಿಯೇ ಸರಿ.

ಹಾಗಾದರೆ ಕೊಳ್ಳುವಾಗ ನೋಡಬೇಕಾದ್ದೇನು?

ಪಾತ್ರೆಯ ಮೇಲಿನ ಐಎಸ್‌ಐ ಗುರುತು ನೋಡಿ. ಸ್ಟೀಲ್ ಅಡುಗೆ ಪಾತ್ರೆಗಳಿಗೆ ಐಎಸ್ 14756 ಎಂಬ ಮಾನದಂಡವಿದೆ. ಈ ಗುರುತನ್ನು ಕಡ್ಡಾಯಗೊಳಿಸುವ ಆದೇಶವನ್ನು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿತು. ದರ್ಜೆ ನಮೂದಿಸಿದ ಬಿಲ್ ಕೇಳಿ ಪಡೆಯಿರಿ.

ನಮ್ಮ ತೀರ್ಮಾನ: ಮ್ಯಾಗ್ನೆಟ್ ಪರೀಕ್ಷೆಯಿಂದ ಸ್ಟೀಲ್‌ನ ಬಗೆಯ ಸುಳಿವು ಸಿಗಬಹುದು, ಅಸಲಿಯೋ ನಕಲಿಯೋ ಗೊತ್ತಾಗುವುದಿಲ್ಲ. ಆ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ.